‘ಈಗ’ ಎನ್ನುವ ತನಕ

ಗೇಟು ದಾಟುವುದರೊಳಗೆ ಅಣ್ಣನಿಗೆ ಹೇಳಿಬಿಡಬೇಕು ಎಂದುಕೊಂಡಿದ್ದ. ಕಾರು ಗೇಟು ದಾಟಿತು. ಬೀದಿ ಕೊನೆಯ ಇಸ್ತ್ರಿ ಅಂಗಡಿ ಬರುವುದರೊಳಗೆ ಎಂದುಕೊಂಡ, ಅದೂ ಹಿಂದಾಯಿತು. ಪಕ್ಕದ ಸೀಟಿನಲ್ಲಿ ಅಣ್ಣ ಬೆಲ್ಟಿನ ಮಡಿಕೆಯನ್ನು ಬೆರಳಿನಿಂದ ಸವರಿ ಸರಿಮಾಡಿಕೊಳ್ಳುತ್ತಾ, ಹೊಸ ಬೂಟು ಹಾಕಿಕೊಂಡು ಶಾಲೆಗೆ ಹೊರಟವನ ಗತ್ತಿನಲ್ಲಿ ಕೂತಿದ್ದ. ಕಾರಿಗೆ ಯಾವ ಎಂಜಿನ್ ಎನ್ನುವ ತೀರ್ಮಾನ ಇವತ್ತು ಮಾಡಿಕೊಂಡೇ ಬರುವುದು ಎಂದು ಬೆಳಗಿನಿಂದ ಅತ್ತಿಗೆಯ ತಲೆ ತಿಂದಿದ್ದ. ಅತ್ತಿಗೆ ಬಾಗಿಲಲ್ಲಿ ನಿಂತು, “ನನ್ನ ಸವತಿಗೆ ಒಡವೆ ಮಾಡಿಸೋಕೆ ಅಣ್ಣತಮ್ಮ ಇಬ್ಬರೂ ಹೊರಟ್ರಪ್ಪ. ನನ್ನ ಮಂಡಿನೋವಿಗೆ ಡಾಕ್ಟರ ಹತ್ರ ಕರ್ಕೊಂಡು ಹೋಗೋಕೆ ಮಾತ್ರ ಒಬ್ಬರಿಗೂ ಪುರುಸೊತ್ತಿಲ್ಲ” ಎಂದು ಹಂಗಿಸಿ ಕಳಿಸಿದ್ದರು. ಅಣ್ಣ ನಕ್ಕಿದ್ದ. ಇವನೂ ನಕ್ಕಿದ್ದ. ಆದರೆ ತೀರ್ಮಾನ ಗುರುವಾರವೇ ಆಗಿಹೋಗಿತ್ತು. ತಾನು ಕೆಲಸ ಮಾಡುವ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ, ಮೆಟ್ಟಿಲ ಕೆಳಗಿನ ಖಾಲಿ ಕ್ಯಾನುಗಳ ಮಧ್ಯೆ ನಿಂತು, ಗ್ಯಾರೇಜಿಗೆ ಫೋನು ಮಾಡಿ, ಆ ಆರು ಸಿಲಿಂಡರಿನ ಎಂಜಿನ್ ತರಿಸಿಬಿಡಿ ಎಂದಿದ್ದ. ಅಣ್ಣನನ್ನು ಕೇಳಿರಲಿಲ್ಲ. ವರ್ಷಗಟ್ಟಲೆ ಇಬ್ಬರೂ ಸೇರಿ ಕಟ್ಟಿದ್ದ ಮಾತಿಗೆ ಒಬ್ಬನೇ ಹೋಗಿ ಬಾಗಿಲು ಹಾಕಿಬಂದಿದ್ದ.

ಹೊರಗಿನಿಂದ ನೋಡಿದರೆ ಈ ಕಾರು ಬ್ಯಾಂಕಿನ ಮ್ಯಾನೇಜರನ ಹಾಗೆ. ಕಡುನೀಲಿ ಬಣ್ಣ, ನಾಲ್ಕು ಬಾಗಿಲು, ಹಿಂದೆ ದೊಡ್ಡ ಡಿಕ್ಕಿ. ಸಭ್ಯಸ್ಥ. ಒಳಗೆ ಇಟ್ಟಿದ್ದು ಮಾತ್ರ ಗಾಳಿ ಊದಿ ಬಲ ಕೊಡುವ ಟರ್ಬೊ ಇರುವ ರೌಡಿ ಎಂಜಿನ್. ಯಾರದೋ ಕೈಯಿಂದ ಕೊಂಡ ಹೊಸತರಲ್ಲಿ ಸಿಗ್ನಲ್ಲು ಹಸಿರಾದರೆ ಸಾಕು, ಬೆನ್ನನ್ನು ಸೀಟಿಗೆ ಅಂಟಿಸಿಬಿಡುತ್ತಿತ್ತು. ಅದೇ ಕಾರಿನಲ್ಲಿ ದಿನಾ ಅಣ್ಣನನ್ನು ಆಸ್ಪತ್ರೆಯ ಕೆಲಸಕ್ಕೆ ಬಿಟ್ಟು ಇವನು ಪ್ರಯೋಗಾಲಯಕ್ಕೆ ಹೋಗುತ್ತಾನೆ, ಸಂಜೆ ಇಬ್ಬರೂ ತರಕಾರಿ ತರುತ್ತಾರೆ, ಅತ್ತಿಗೆಯ ಅಕ್ಕಿ ಮೂಟೆ ಹೊರಿಸುತ್ತಾರೆ. ಈಗೀಗ ಅದಕ್ಕೆ ದಮ್ಮು ಕಟ್ಟಿತ್ತು. ಮೇಲ್ಸೇತುವೆ ಹತ್ತುವಾಗ ಕೆಮ್ಮುತ್ತಿತ್ತು. ಹೋದ ತಿಂಗಳು ಹಾಲಿನ ವ್ಯಾನೊಂದು ಹಾರ್ನು ಹೊಡೆಯುತ್ತಾ ಪಕ್ಕದಿಂದ ಮುಂದೆ ಹೋದಾಗ ಅಣ್ಣ ಕಿವಿ ನಿಮಿರಿಸಿ, “ಯಾವ ಗಾಡಿನೋ ಅದು?” ಎಂದಿದ್ದ. ಇವನು, “ಯಾವುದೋ ದೊಡ್ಡ ಕಾರು” ಎಂದಿದ್ದ. ವ್ಯಾನಿನ ಹಿಂದೆ ಖಾಲಿ ಕ್ರೇಟುಗಳು ಲಟಲಟ ಸದ್ದು ಮಾಡುತ್ತಿದ್ದವು. ಕಾರಿನಲ್ಲಿ ಕ್ರೇಟು ಯಾಕಿರುತ್ತದೆ ಎಂದು ಅಣ್ಣ ಕೇಳಲಿಲ್ಲ. ಕೇಳದೆ ಇದ್ದದ್ದು ಕೇಳಿದ್ದಕ್ಕಿಂತ ಹೆಚ್ಚು ಚುಚ್ಚಿತು.

ಎಂಜಿನ್ನಿನ ವಿಚಾರ ಶುರುವಾದದ್ದು ಮಾತ್ರ ಅದಕ್ಕೂ ಬಹಳ ಹಿಂದೆ, ಕಾರು ಚೆನ್ನಾಗಿ ಓಡುತ್ತಿದ್ದಾಗಲೇ. ಭಾನುವಾರ ಕಾರು ತೊಳೆಯುವಾಗ ಅಣ್ಣನ ಕೈಯಲ್ಲಿ ಪೈಪು, ಇವನ ಕೈಯಲ್ಲಿ ಸ್ಪಂಜು. ಇದೇ ಎಂಜಿನ್ನಿಗೆ ದೊಡ್ಡ ಟರ್ಬೊ ಹಾಕಿಸಬೇಕು ಎನ್ನುವುದು ಅಣ್ಣನ ಪಕ್ಷ. ಇದನ್ನು ಇಳಿಸಿ ಆರು ಸಿಲಿಂಡರಿನದನ್ನೇ ಕೂರಿಸಬೇಕು ಎನ್ನುವುದು ಇವನ ಪಕ್ಷ. ಏನೂ ಮುಟ್ಟಬಾರದು, ಇರುವುದನ್ನೇ ಬಿಚ್ಚಿ ಹೊಸದರಂತೆ ಮಾಡಿಸಿದರೆ ಸಾಕು ಎನ್ನುವುದು ಇಬ್ಬರಿಗೂ ಸುಸ್ತಾದಾಗ ಹುಟ್ಟುತ್ತಿದ್ದ ಮೂರನೆಯ ಪಕ್ಷ. ಒಂದು ಭಾನುವಾರ ಅಣ್ಣ ಗೆದ್ದರೆ ಮುಂದಿನ ಭಾನುವಾರ ಅವನೇ ಪಕ್ಷ ಬದಲಾಯಿಸಿ ತನ್ನ ವಾದಕ್ಕೆ ತಾನೇ ಕಲ್ಲು ಹಾಕುತ್ತಿದ್ದ. “ನಿಮ್ಮ ತಲೆ ಮೇಲೆ ನೀರು ಬಿಟ್ಕೊಳ್ಳಿ, ತಣ್ಣಗಾಗುತ್ತೆ” ಎಂದು ಅತ್ತಿಗೆ ಕಿಟಕಿಯಿಂದ ಕೂಗುತ್ತಿದ್ದರು. ಆಮೇಲೆ ಅಣ್ಣನಿಗೆ ಕಾರಿನ ಬಣ್ಣ ಕಾಣದಾಯಿತು, ಬರೀ ಹೊಳಪು ಕಾಣುತ್ತಿತ್ತು. ಆಮೇಲೆ ಹೊಳಪೂ ಹೋಗಿ, ಅಂಗಳದಲ್ಲಿ ಬಿಸಿಲಿದೆಯೋ ನೆರಳಿದೆಯೋ ಎನ್ನುವಷ್ಟು ಉಳಿಯಿತು. ಪೈಪು ಮಾತ್ರ ಅವನ ಕೈಯಲ್ಲೇ ಇತ್ತು. ನೀರು ತಗಡಿಗೆ ಬೀಳುತ್ತಿದೆಯೋ ಗಾಜಿಗೆ ಬೀಳುತ್ತಿದೆಯೋ ಎಂದು ಸದ್ದಿನ ಮೇಲೆ ತಿಳಿದು ಸರಿಯಾಗಿ ಹಿಡಿಯುತ್ತಿದ್ದ, ಇವನ ಮುಖಕ್ಕೂ ಸರಿಯಾಗಿಯೇ ಹಿಡಿಯುತ್ತಿದ್ದ.

ಅಣ್ಣನೇ ಇವನಿಗೆ ಈ ಕಾರು ಕಲಿಸಿದ್ದು. ಗೋದಾಮುಗಳ ಹಿಂದೆ ಒಂದು ನೇರ ರಸ್ತೆಯಿದೆ, ಎರಡೂ ಕಡೆ ಉದ್ದಕ್ಕೆ ತಗಡಿನ ಗೋಡೆ, ರಜೆಯ ದಿನ ನರಪಿಳ್ಳೆ ಇರುವುದಿಲ್ಲ. ಆಗ ಅಣ್ಣನ ಕಣ್ಣು ಚೆನ್ನಾಗಿತ್ತು, ಅಥವಾ ಹಾಗೆಂದು ಎಲ್ಲರೂ ನಂಬಿದ್ದರು. ಇವನು ಗೇರು ಬದಲಿಸುವುದಕ್ಕೆ ಮುಂಚೆ ಪ್ರತಿ ಸಲ ಎದುರಿನ ಮೀಟರಿನ ಮುಳ್ಳು ನೋಡುತ್ತಿದ್ದ. ಅಣ್ಣ ತನ್ನ ಕರವಸ್ತ್ರ ತೆಗೆದು ಆ ಮುಳ್ಳುಗಳ ಮೇಲೆ ಹೊದಿಸಿಬಿಟ್ಟ. “ಅದನ್ನೇನು ನೋಡ್ತೀಯ? ರಸ್ತೆ ನೋಡು. ಎಂಜಿನ್ ತಾನೇ ಹೇಳುತ್ತೆ. ಮೊದಲು ಗೊಣಗುತ್ತೆ, ಆಮೇಲೆ ಹಾಡುತ್ತೆ, ಹಾಡ್ತಾ ಹಾಡ್ತಾ ಒಂದು ಕಡೆ ಉಸಿರು ಎಳ್ಕೊಳ್ಳುತ್ತೆ. ಅಲ್ಲಿ ಹಾಕು.” ಎಲ್ಲಿ? ಇವನಿಗೆ ಎಲ್ಲವೂ ಒಂದೇ ಗದ್ದಲ. ಅದಕ್ಕೆ ಅಣ್ಣ ಕಣ್ಣು ಮುಚ್ಚಿಕೊಂಡು, ಸಂಗೀತ ಕಛೇರಿಯಲ್ಲಿ ಮುಂದಿನ ಸಾಲಲ್ಲಿ ಕೂತವನ ಹಾಗೆ ತಲೆ ಒಂದಿಷ್ಟು ವಾಲಿಸಿ, ಕಾದು, “ಈಗ” ಎನ್ನುತ್ತಿದ್ದ. ಇವನು ಕ್ಲಚ್ಚು ಒತ್ತಿ ಲಿವರು ಎಳೆದರೆ ಗೇರು ಬೆಣ್ಣೆಯಲ್ಲಿ ಕತ್ತಿ ಇಳಿದ ಹಾಗೆ ಇಳಿಯುತ್ತಿತ್ತು. ಎರಡಕ್ಕೆ “ಈಗ”. ಮೂರಕ್ಕೆ “ಈಗ”. ಕಲಿತಾದ ಮೇಲೂ ಅದು ನಿಲ್ಲಲಿಲ್ಲ. ಅಣ್ಣ ಪಕ್ಕದಲ್ಲಿದ್ದರೆ ಗೇರು ಹಾಕುವ ಕೈ ಇವನದು, ಹೇಳುವ ಬಾಯಿ ಅವನದು. ಅಣ್ಣ ಓಡಿಸುವಾಗ ಇವನು “ಈಗ” ಎನ್ನಲು ಹೋಗಿ ಪ್ರತಿ ಸಲ ಒಂದು ಕೂದಲೆಳೆಯಷ್ಟು ಬೇಗ ಎಂದುಬಿಡುತ್ತಿದ್ದ. “ನಿನಗೆ ಯಾವಾಗ್ಲೂ ಅವಸರ. ಊಟದ ಎಲೆ ಹಾಕೋ ಮುಂಚೆ ಕೈ ತೊಳ್ಕೊಳ್ಳೋನು ನೀನು” ಎಂದು ಅಣ್ಣ ನಗುತ್ತಿದ್ದ. ಆ ದಿನಗಳು ಈಗ ಎಷ್ಟು ಬೆಳಕಾಗಿ ಕಾಣುತ್ತವೆ! ಆಗ ಅವು ಬರೀ ರಜೆಯ ದಿನಗಳಾಗಿದ್ದವು.

ಕೀ ಕೈ ಬದಲಾದದ್ದು ಒಂದು ಪೆಟ್ರೋಲ್ ಬಂಕಿನಲ್ಲಿ. ದೂರದಿಂದ ವಾಪಸು ಬರುತ್ತಿದ್ದರು, ಮುಸ್ಸಂಜೆ. ಬಂಕಿನೊಳಗೆ ತಿರುಗಿಸುವಾಗ ಕಂಬವೊಂದು ಅಣ್ಣನಿಗೆ ಕಾಣಲಿಲ್ಲ. ಕಾರಿನ ಕನ್ನಡಿ ಅದಕ್ಕೆ ಸವರಿ ಮಡಿಸಿಕೊಂಡಿತು. ಅಣ್ಣ ಇಳಿದ, ಕಂಬದ ಹತ್ತಿರ ಹೋಗಿ ಅದನ್ನು ಅಂಗೈಯಿಂದ ಮುಟ್ಟಿದ, ವಾಪಸು ಬಂದು ಕೀಯನ್ನು ಇವನ ಅಂಗೈಗೆ ಹಾಕಿ, “ನೀನೇ ಓಡಿಸು. ನನಗ್ಯಾಕೋ ನಿದ್ದೆ ಬರ್ತಾ ಇದೆ” ಎಂದ. ಇವನು, “ಮಲ್ಕೋ ಅಣ್ಣಾ” ಎಂದ. ಮುಂದೆ ರಸ್ತೆಗೆ ಬಂದು ಎರಡನೇ ಗೇರಿನಲ್ಲಿ ಎಂಜಿನ್ ಮೇಲೇರುತ್ತಿದ್ದಾಗ ಕಡೆಗಣ್ಣಿನಲ್ಲಿ ಕಂಡದ್ದು, ಅಣ್ಣ ತಲೆ ವಾಲಿಸಿದ್ದ, ತುಟಿ ಬಿಚ್ಚಿದ್ದ. ಕೀ ಕೊಟ್ಟವನ ಕೈಯಲ್ಲಿ ಇನ್ನೂ ಆಟ ಆಡಿಸುವುದೇ? ಅಣ್ಣನ ದನಿ ನಡುಗಿದರೆ? ಅವನು ಹೇಳುವ ಮುಂಚೆ, ಬಹಳ ಮುಂಚೆ, ಮೂರನೇ ಗೇರು ಹಾಕಿಬಿಟ್ಟ. ಎಂಜಿನ್ ಗೊಣಗಿ ತಗ್ಗಿತು. ಅಣ್ಣ ಬಾಯಿ ಮುಚ್ಚಿಕೊಂಡ, ಸ್ವಲ್ಪ ಹೊತ್ತಿಗೆ ಕಣ್ಣನ್ನೂ ಮುಚ್ಚಿಕೊಂಡ. ಮಾರನೆಯ ದಿನವೂ ಇವನು ಹಾಗೇ ಬೇಗ ಗೇರು ಹಾಕಿದ, ಅದರ ಮಾರನೆಯ ದಿನವೂ. ಆಮೇಲೆ ಅದು ಕರುಣೆ ಎನ್ನುವುದು ಮರೆತೇಹೋಗಿ ರೂಢಿಯಾಯಿತು. ಅಣ್ಣ ಭೂಮಾಪನದ ಕೆಲಸ ಬಿಟ್ಟು ಆಸ್ಪತ್ರೆಯ ಟೆಲಿಫೋನು ಕೋಣೆಯಲ್ಲಿ ಕೂತ. ಯಾವ ವಾರ್ಡಿಗೆ ಯಾವ ಗುಂಡಿ ಎನ್ನುವುದು ಅವನ ಬೆರಳಿಗೆ ಬಂತು. ಇವನು ಕಾರನ್ನು ದಿನಾ ಗೊಣಗುವ ಹಂತದಲ್ಲೇ ಓಡಿಸುತ್ತಾ, ಅದಕ್ಕೆ ಹಾಡಲು ಬಿಡದೆ, ಎಷ್ಟೋ ವರ್ಷ ಕಳೆದ.

“ತಿರುವು ಬಂತಲ್ಲ, ಸಾಬೂನಿನ ವಾಸನೆ” ಎಂದ ಅಣ್ಣ. ಗ್ಯಾರೇಜಿನ ಪಕ್ಕದಲ್ಲಿ ಕಾರು ತೊಳೆಯುವ ಅಂಗಡಿಯಿದೆ. ಇನ್ನು ಹೇಳುವುದಕ್ಕೆ ರಸ್ತೆ ಉಳಿದಿರಲಿಲ್ಲ. ಒಳಗೆ ಹೋದ ಮೇಲೆ ಪ್ರೊಫೆಸರನನ್ನು ಪಕ್ಕಕ್ಕೆ ಕರೆದು ಕಣ್ಣು ಮಿಟುಕಿಸಿದರಾಯಿತು ಎಂದುಕೊಂಡ. ಎಂದುಕೊಂಡ ಕೂಡಲೇ, ಅಣ್ಣನ ಎದುರಿಗೇ ಕಣ್ಣು ಮಿಟುಕಿಸಬಹುದು ಎನ್ನುವ ಧೈರ್ಯ ಎಲ್ಲಿಂದ ಬಂತು ಎಂದು ತನಗೇ ಅಸಹ್ಯವಾಯಿತು.

ಪ್ರೊಫೆಸರ್ ಎನ್ನುವುದು ಗ್ಯಾರೇಜಿನವನಿಗೆ ಇವರಿಬ್ಬರೂ ಇಟ್ಟ ಹೆಸರು. ಒಂದು ನಟ್ಟು ಬಿಗಿಯುವುದಕ್ಕೂ ಅವನಿಗೆ ಪೀಠಿಕೆ, ವಿಸ್ತಾರ, ಉಪಸಂಹಾರ ಎಲ್ಲ ಬೇಕು. ಗುಟ್ಟು ಮಾತ್ರ ಅವನ ಬಾಯಲ್ಲಿ ನೆನೆಯುವುದಿಲ್ಲ. ಕಾರಿನ ಬಾಗಿಲು ತೆರೆಯುವುದಕ್ಕೂ ಬಿಡದೆ, “ಬನ್ನಿ ಸಾರ್, ಬನ್ನಿ ದೊಡ್ಡ ಸಾರ್! ಗುರುವಾರ ಫೋನಲ್ಲಿ ಹೇಳಿದ್ರಲ್ಲ, ಆವತ್ತೇ ಗಾಡಿ ಕಳಿಸಿ ತರಿಸಿಬಿಟ್ಟೆ. ಆರು ಸಿಲಿಂಡರ್, ಆನೆ ಮರಿ!” ಎಂದುಬಿಟ್ಟ.

ಅಣ್ಣನ ಕೈ ಬಾಗಿಲ ಹಿಡಿಯ ಮೇಲೆ ಹಾಗೇ ನಿಂತಿತು. ಮುಖದಲ್ಲಿ ಏನೂ ಆಗಲಿಲ್ಲ. ಅವನ ಮುಖ ಈಚೀಚೆಗೆ ಕಿವಿಗೆ ಬಿದ್ದದ್ದನ್ನು ಕೂಡಲೇ ತೋರಿಸುವುದಿಲ್ಲ. ಟೆಲಿಫೋನು ಕೋಣೆಯಲ್ಲಿ ಸಾವು ಬದುಕು ಎರಡನ್ನೂ ಒಂದೇ ದನಿಯಲ್ಲಿ ತಲುಪಿಸಿ ಅಭ್ಯಾಸ. “ಓಹೋ, ಗುರುವಾರ” ಎಂದಷ್ಟೇ ಎಂದ. ಆಮೇಲೆ, “ಎಲ್ಲಿದೆ? ಮುಟ್ಟಿ ನೋಡ್ತೀನಿ” ಎಂದು ಮೊಣಕೈ ಚಾಚಿದ. ಇವನು ಹಿಡಿಯುವ ಮುಂಚೆ ಪ್ರೊಫೆಸರನೇ ಹಿಡಿದುಕೊಂಡ. ಖಾಲಿಯಾದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಇವನು ಕಾರಿನ ಬಾನೆಟ್ಟು ತೆರೆದ.

ಎಂಜಿನ್ನು ಮರದ ದಿಮ್ಮಿಗಳ ಮೇಲೆ ಕೂತಿತ್ತು. ಅಣ್ಣ ಎರಡೂ ಕೈ ಅದರ ಮೇಲಿಟ್ಟು, ಮಲಗಿದ ದನದ ಮೈ ಸವರುವ ಹಾಗೆ ಮೇಲಿನಿಂದ ಹಿಂದಕ್ಕೆ ಸವರುತ್ತಾ ಹೋದ. ಸಿಲಿಂಡರುಗಳನ್ನು ಮುಟ್ಟಿದ, ಪೈಪುಗಳನ್ನು ಮುಟ್ಟಿದ. ಹಿಂದಿನ ದಪ್ಪ ಗಂಟೆಯಂಥ ಭಾಗಕ್ಕೆ ಬಂದು ಅಲ್ಲಿ ಕೆಳಗೆ, ಪಕ್ಕಕ್ಕೆ, ಮತ್ತೆ ಕೆಳಗೆ ಬೆರಳಾಡಿಸಿದ. ಏನನ್ನೋ ಹುಡುಕುತ್ತಿದ್ದ. “ಪ್ರೊಫೆಸರೇ, ಇದಕ್ಕೆ ಕ್ಲಚ್ಚಿಂದು ಎಲ್ಲಿ?”

“ಕ್ಲಚ್ಚೇ ಇಲ್ಲ ದೊಡ್ಡ ಸಾರ್! ಇದು ಆಟೊಮ್ಯಾಟಿಕ್ಕು. ಗೇರು ತಾನೇ ಹಾಕ್ಕೊಳ್ಳುತ್ತೆ. ಒಂದಿಷ್ಟೂ ಜರ್ಕು ಗೊತ್ತಾಗಲ್ಲ. ಅದಕ್ಕೇ ಅಲ್ವಾ ನಿಮ್ಮ ತಮ್ಮ ಇದನ್ನ ಒಪ್ಪಿದ್ದು. ಅಣ್ಣಂಗೆ ಆರಾಮಾಗಿರ್ಲಿ ಅಂತ ಹೇಳಿದ್ರು.”

ಅಣ್ಣ ಕೈ ತೆಗೆದ. ಪ್ರೊಫೆಸರ್ ಕೊಟ್ಟ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. ಇವನಿಗೆ ಬಾನೆಟ್ಟಿನೊಳಗೆ ತಲೆಯಿಟ್ಟು ಮುಚ್ಚಿಕೊಂಡುಬಿಡೋಣ ಅನ್ನಿಸಿತು. ಆರಾಮಾಗಿರಲಿ ಎಂದದ್ದು ನಿಜ. ಹಾಗೆ ಹೇಳುವಾಗ ತಾನೊಬ್ಬ ಒಳ್ಳೆಯ ತಮ್ಮ ಎಂದು ಎದೆ ಉಬ್ಬಿದ್ದೂ ನಿಜ. ಗೇರು ಹಾಕುವುದೇ ಇಲ್ಲದಿದ್ದರೆ ದಿನಾ ಆ ಅರೆಕ್ಷಣವೂ ಇರುವುದಿಲ್ಲ, ಅಣ್ಣನ ತುಟಿ ಬಿಚ್ಚುತ್ತದೋ ಎಂದು ಕಡೆಗಣ್ಣಿನಲ್ಲಿ ನೋಡುವ ಹೆದರಿಕೆ ಇರುವುದಿಲ್ಲ ಎನ್ನುವ ಲೆಕ್ಕಾಚಾರ ಮಾತ್ರ ಗುರುವಾರ ಇವನಿಗೇ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ಪ್ರೊಫೆಸರನ ಭಾಷಣ ಮುಂದುವರಿದಿತ್ತು. ಹಳೇ ಎಂಜಿನ್ ಯಾಕೆ ಎಸೆಯಬೇಕು ಎಂದು ರುಜುವಾತು ಮಾಡಲು ಅವನು ಇವರ ಕಾರಿನ ಮೇಲಿನ ಪೈಪು ಬಿಚ್ಚಿ, ತುದಿಯಲ್ಲಿ ಪುಟ್ಟ ಕ್ಯಾಮೆರಾ ಇರುವ ತಂತಿಯನ್ನು ಒಳಗೆ ಇಳಿಸಿದ. ಕೈಯಲ್ಲಿನ ಪರದೆಯ ಮೇಲೆ ಕಪ್ಪು ಬಿಟ್ಟು ಬೇರೇನಿಲ್ಲ. “ನೋಡಿ ಸಾರ್, ವಾಲ್ವ್ ಕಾಣ್ತಾನೇ ಇಲ್ಲ, ಮಸಿ! ಗಾಳಿ ಹೋಗೋ ದಾರೀನೇ ಮುಚ್ಚಿಹೋಗಿದೆ. ದೊಡ್ಡ ಸಾರ್, ನಿಮಗೆ ಕಾಣಲ್ಲ, ನಾನು ಹೇಳ್ತೀನಿ ಕೇಳಿ. ಹಸಿ ಸೌದೆ ಒಲೇಲಿಟ್ಟು, ಊದದೆ, ಬರೀ ಹೊಗೇಲಿ ಅಡುಗೆ ಮಾಡಿದ ಅಡುಗೆಮನೆ ಹೇಗಿರುತ್ತೆ, ಹಾಗಿದೆ. ಇದು ಓಡಿಸಿ ಸವೆದ ಗಾಡಿ ಅಲ್ಲ, ಹೆದರಿಕೊಂಡು ಓಡಿಸಿದ ಗಾಡಿ. ಯಾರೋ ಇದನ್ನ ಹೆಣ ಹೊತ್ತ ಹಾಗೆ ಮೆಲ್ಲಗೆ ಓಡಿಸಿದ್ದಾರೆ.” ಯಾರೋ ಎಂದವನಿಗೆ ಕಾರು ಇವನೊಬ್ಬನೇ ಓಡಿಸುವುದು ಎನ್ನುವುದು ತಡವಾಗಿ ನೆನಪಾಗಿ, “ಟ್ರಾಫಿಕ್ಕು ಹಾಗಿದೆ ಬಿಡಿ ಸಾರ್” ಎಂದು ಸೇರಿಸಿದ.

“ಒಳಗೆ ಸಿಲಿಂಡರು ಹೇಗಿವೆ?” ಎಂದ ಅಣ್ಣ.

“ಅವು ಚೆನ್ನಾಗೇ ಇವೆ” ಎಂದ ಪ್ರೊಫೆಸರ್, ವ್ಯಾಪಾರ ಕೆಡುತ್ತಿರುವವನ ದನಿಯಲ್ಲಿ.

“ಪೈಪು ಕೂರಿಸಿ. ನಾವು ಹೊರಗೆ ಕೂತು ಎರಡು ಮಾತಾಡಿ ಬರ್ತೀವಿ.”

ಗ್ಯಾರೇಜಿನ ಗೋಡೆಗೆ ಒರಗಿಸಿದ ಹಳೇ ಟೈರುಗಳ ಮೇಲೆ ಇಬ್ಬರೂ ಕೂತರು. ಬಿಸಿಲು ಅಣ್ಣನ ಮುಖದ ಅರ್ಧಕ್ಕೆ ಬೀಳುತ್ತಿತ್ತು. ಅವನು ಬಿಸಿಲಿರುವ ಕಡೆಗೆ ಪೂರ್ತಿ ತಿರುಗಿ ಕೂತ. ಪಕ್ಕದ ಅಂಗಡಿಯಲ್ಲಿ ಯಾರೋ ಕಾರಿಗೆ ನೀರು ಹೊಡೆಯುತ್ತಿದ್ದರು. ಗಾಜು, ತಗಡು, ಗಾಜು.

“ಅವತ್ತು ಬಂಕಲ್ಲಿ ನನಗೆ ನಿದ್ದೆ ಬಂದಿರ್ಲಿಲ್ಲ” ಎಂದ ಅಣ್ಣ.

“ಗೊತ್ತಿತ್ತು.”

“ನಿನಗೆ ಗೊತ್ತಿತ್ತು ಅಂತ ನನಗೂ ಗೊತ್ತಿತ್ತು.” ಅಣ್ಣ ನಕ್ಕ, ಆದರೆ ಅದು ಬೇಗ ಮುಗಿಯಿತು. “ಎರಡನೇ ಗೇರು ಇನ್ನೂ ಬಾಯಿ ಬಿಡೋದ್ರೊಳಗೆ ಮೂರಕ್ಕೆ ಹಾಕ್ತೀಯ. ದಿನಾ. ನನಗೆ ಕೇಳಿಸಲ್ಲ ಅಂದ್ಕೊಂಡಿದ್ಯಾ? ಮೊದಮೊದಲು ಅಂದ್ಕೊಂಡೆ, ಇವನಿಗೆ ನನ್ನ ಮೇಲೆ ನಂಬಿಕೆ ಹೋಯ್ತು ಅಂತ. ಕಣ್ಣು ಹೋದೋನ ಕಿವಿಯೂ ಹೋಗಿರುತ್ತೆ ಅಂದ್ಕೊಂಡ್ಯೋ ಏನೋ.”

“ಇಲ್ಲ ಅಣ್ಣಾ. ಹಾಗಲ್ಲ. ನಿನಗೆ ಬೇಜಾರಾಗುತ್ತೆ ಅಂತ...”

“ಆಯ್ತಲ್ಲ, ಬೇಜಾರು.” ಅವನ ದನಿ ಮೊದಲ ಬಾರಿಗೆ ಏರಿತು. “ನಾನು ಕೀ ಕೊಟ್ಟೆ ಕಣೋ ನಿನಗೆ. ‘ಈಗ’ ಅನ್ನೋದನ್ನ ಕೊಟ್ಟಿರ್ಲಿಲ್ಲ. ಅದನ್ನ ನೀನೇ ಕಿತ್ಕೊಂಡೆ. ಈಗ ಗೇರ್‌ಬಾಕ್ಸನ್ನೂ ಕೀಳೋಕೆ ಹೊರಟಿದ್ದೀಯ, ನನಗೆ ಆರಾಮ ಅಂತ. ನನ್ನ ಕಣ್ಣು ಹೋಗಿದೆ, ನಾನೇನು ಗಾಜಿನ ಸಾಮಾನಾಗಿಲ್ಲ.”

ನೀರಿನ ಸದ್ದು ನಿಂತಿತು. ಅಣ್ಣನ ಹಣೆಯ ಮೇಲೆ ಒಂದು ಗ್ರೀಸಿನ ಗೆರೆ ಹತ್ತಿತ್ತು. ಅದನ್ನು ಒರೆಸಲು ಇವನ ಕೈ ಎದ್ದಿತು. ಎದ್ದ ಕೈಯನ್ನು ತಡೆದುಕೊಂಡು, “ಹಣೆ ಮೇಲೆ ಗ್ರೀಸು ಆಗಿದೆ, ಬಲಗಡೆ” ಎಂದ. ಅಣ್ಣ ತಾನೇ ಒರೆಸಿಕೊಂಡ. “ಹೋಯ್ತಾ?” “ಇನ್ನೊಂದು ಸ್ವಲ್ಪ ಮೇಲೆ.” ಒರೆಸಿಕೊಂಡ. ಇಷ್ಟು ಸುಲಭವಿತ್ತೇ ಎಂದು ಇವನಿಗೆ ಅಳು ಬರುವಂತಾಯಿತು.

ಎದ್ದು ಒಳಗೆ ಹೋಗಿ ಪ್ರೊಫೆಸರನಿಗೆ, ಆ ಎಂಜಿನ್ ಬೇಡ ಎಂದ. ಅಣ್ಣನಿಗೆ ಇಷ್ಟವಾಗಲಿಲ್ಲ ಎಂದು ಹೇಳುವುದು ಸುಲಭವಿತ್ತು, ನಾಲಿಗೆಯ ತುದಿಗೂ ಬಂತು. “ನನ್ನ ತಪ್ಪು. ಅಣ್ಣನ್ನ ಕೇಳದೆ ಹೇಳಿಬಿಟ್ಟಿದ್ದೆ. ಕಾರು ನಮ್ಮಿಬ್ಬರದು” ಎಂದ. ಪ್ರೊಫೆಸರ್ ಎರಡು ಕ್ಷಣ ಮಾತು ಸತ್ತು ನಿಂತ, ಅದೇ ಒಂದು ದಾಖಲೆ. ಆಮೇಲೆ, ಆನೆ ಮರಿಗೆ ಕಾದಿರುವವರು ಬೇರೆ ಇದ್ದಾರೆ ಬಿಡಿ ಸಾರ್ ಎಂದು ಮುಖ ಉಳಿಸಿಕೊಂಡು, “ಹಾಗಾದ್ರೆ ಇದಕ್ಕೇನು ಮಾಡೋದು?” ಎಂದು ಬಾನೆಟ್ಟು ತಟ್ಟಿದ.

ಬಾಗಿಲಲ್ಲಿ ಅಣ್ಣ ಬಂದು ನಿಂತಿದ್ದ, ಒಂದು ಕೈ ಗೋಡೆಯ ಮೇಲೆ. “ಸೋಮವಾರ ತಂದು ಬಿಡ್ತೀವಿ, ಮಸಿ ಪೂರ್ತಿ ತೆಗೀರಿ. ಗೇರ್‌ಬಾಕ್ಸು ಮುಟ್ಟೋ ಹಾಗಿಲ್ಲ. ದೊಡ್ಡ ಟರ್ಬೊ ಹಾಕೋದಾ ಬೇಡ್ವಾ ಅನ್ನೋದು ಇನ್ನೂ ಜಗಳ ಮುಗಿದಿಲ್ಲ.”

“ಹಾಕೋದು” ಎಂದ ಇವನು.

“ಬೇಡ” ಎಂದ ಅಣ್ಣ, ದೊಡ್ಡ ಟರ್ಬೊ ಪಕ್ಷದ ಸಂಸ್ಥಾಪಕ. ಪ್ರೊಫೆಸರ್ ಇಬ್ಬರ ಮುಖವನ್ನೂ ನೋಡಿ ಕೈಮುಗಿದ.

ವಾಪಸು ಬರುವಾಗ ಮನೆಯ ದಾರಿ ಬಿಟ್ಟು ಎಡಕ್ಕೆ ತಿರುಗಿಸಿದ. ಗುಂಡಿಯೊಂದನ್ನು ದಾಟುವಾಗ, “ಇದನ್ನ ಇನ್ನೂ ಮುಚ್ಚಿಲ್ವಾ ಇವರು” ಎಂದ ಅಣ್ಣ. ಗೋದಾಮುಗಳ ತಗಡಿನ ಗೋಡೆಗಳು ಎರಡೂ ಕಡೆಯಿಂದ ಎದ್ದವು. ಬಣ್ಣ ಬದಲಾಗಿತ್ತು, ಒಂದು ಕಡೆ ಹೊಸ ದೀಪದ ಕಂಬಗಳು ಬಂದಿದ್ದವು, ರಸ್ತೆ ಮಾತ್ರ ಅದೇ. ಶನಿವಾರದ ಮಧ್ಯಾಹ್ನ, ಷಟರುಗಳೆಲ್ಲ ಇಳಿದು ಕೊನೆಯ ತನಕ ಖಾಲಿ. ಕಾರು ನಿಲ್ಲಿಸಿ, ಜೇಬಿನಿಂದ ಕರವಸ್ತ್ರ ತೆಗೆದು ಎದುರಿನ ಮುಳ್ಳುಗಳ ಮೇಲೆ ಹೊದಿಸಿದ. ಬಟ್ಟೆಯ ಸದ್ದು ಅಣ್ಣನಿಗೆ ಕೇಳಿಸಿರಬೇಕು, ಸೀಟಿನಲ್ಲಿ ಹಿಂದಕ್ಕೆ ಸರಿದು ಕೂತ.

ಒಂದನೇ ಗೇರು. ಬಿಟ್ಟ. ಎಂಜಿನ್ ಗೊಣಗಿತು, ಕೆಮ್ಮಿತು, ಮಸಿ ತುಂಬಿದ ಗಂಟಲಿನಿಂದ ಮೇಲೇರಿತು. ಅಣ್ಣ ಏನೂ ಹೇಳಲಿಲ್ಲ. ಎಷ್ಟೋ ವರ್ಷದ ರೂಢಿಯ ಕೈ ಲಿವರಿನ ಮೇಲೆ ತಾನಾಗಿ ಎಳೆಯಲು ಹೋಯಿತು. ಹಲ್ಲು ಕಚ್ಚಿ ತಡೆದ. ಸದ್ದು ಏರುತ್ತಲೇ ಹೋಯಿತು, ಗೋಡೆಗಳಿಗೆ ಬಡಿದು ಎರಡಾಗಿ ವಾಪಸು ಬಂತು. ಮರೆತನೇ? ಬೇಕೆಂದೇ ಸುಮ್ಮನಿದ್ದಾನೆಯೇ, ಸೇಡಿಗೆ? ಎಂಜಿನ್ನು ಒಡೆದುಹೋಗುತ್ತದೆ ಎನ್ನಿಸುವ ಹೊತ್ತಿಗೆ ಅದರೊಳಗೆ ಏನೋ ಬಿಚ್ಚಿಕೊಂಡಂತೆ ಸದ್ದು ತೆಳ್ಳಗಾಗಿ, ನೇರವಾಗಿ, ಮರೆತೇಹೋಗಿದ್ದ ಆ ಹಾಡು ಶುರುವಾಯಿತು. ಕಡೆಗಣ್ಣಿನಲ್ಲಿ ನೋಡಲಿಲ್ಲ. ರಸ್ತೆ ನೋಡಿದ.

“ಈಗ.”

ಗೇರು ಇಳಿಯಿತು. ಬೆನ್ನು ಸೀಟಿಗೆ ಅಂಟಿತು. ಅಣ್ಣನ ದನಿ ನಡುಗಿರಲಿಲ್ಲ. ಇವನೇ ತಡೆಯಲಾಗದೆ ಒಮ್ಮೆ ಮೂಗು ಎಳೆದುಕೊಂಡ. ಎಂಜಿನ್ನಿನ ಅಷ್ಟು ಅಬ್ಬರದ ನಡುವೆಯೂ ಅದು ಆ ಕಿವಿಗೆ ಬಿತ್ತು.

“ಕಣ್ಣು ಒರೆಸ್ಕೊಳ್ಳೋ” ಎಂದ ಅಣ್ಣ. “ಇಬ್ಬರಲ್ಲಿ ಒಬ್ಬನಿಗಾದ್ರೂ ರಸ್ತೆ ಕಾಣಬೇಕು.”

ಅಂಗಿಯ ತೋಳಿನಿಂದ ಒರೆಸಿಕೊಂಡ. ಎರಡನೇ ಗೇರಿನಲ್ಲಿ ಸದ್ದು ಮೇಲೇರುತ್ತಿತ್ತು. ಅಣ್ಣ ತಲೆ ವಾಲಿಸಿ ಕೂತಿದ್ದ, ಇನ್ನೂ ಏನೂ ಹೇಳಿರಲಿಲ್ಲ. ಇವನು ಕಾದ.